ಅಪ್ಪಯ್ಯ ಸಹಿ ಹಾಕಿದ್ದ ಫಾರಂ

ಅಪ್ಪಯ್ಯಾ,

ಇವತ್ತು ಇಲ್ಲಿ ಮಲೇಷ್ಯಾದ ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳಿಗೆ ದೇಹ ಕೊಯ್ದು ಕಲಿಯುವ ಮೊದಲ ತರಗತಿ. ಮೇಜಿನ ಮೇಲೆ ಮಲಗಿದ್ದವರು ಇಪೋ ಊರಿನ ನಿವೃತ್ತ ಮಾಸ್ತರರು. ಬದುಕಿದ್ದಾಗಲೇ ದೇಹದಾನಕ್ಕೆ ಬರೆದುಕೊಟ್ಟಿದ್ದರಂತೆ. ಅವರ ಮಗಳು ಬಂದು ಮಕ್ಕಳೆದುರು ಅಪ್ಪನ ಬಗ್ಗೆ ಮಾತಾಡಿದಳು. "ನನಗೆ ಮನಸ್ಸಿರಲಿಲ್ಲ. ಆದರೆ ಅದು ಅವರ ಮಾತು" ಎಂದು ಹೇಳಿ ಹೊರಟುಹೋದಳು.

ಇಲ್ಲಿನ ಪುಚೊಂಗ್‌ನಲ್ಲೇ ಬೆಳೆದ ನಮ್ಮ ಕನ್ನಡದ ಹುಡುಗಿ ಪೂರ್ವಿ ಕೇಳಿದಳು, "ಸರ್, ನಿಮ್ ಫ್ಯಾಮಿಲೀಲಿ ಯಾರಾದ್ರೂ ಡೊನೇಟ್ ಮಾಡಿದ್ದಾರಾ?"

"ಇಲ್ಲಮ್ಮ. ನಮ್ಮಲ್ಲಿ ಯಾರೂ ಬರ್ದು ಕೊಟ್ಟಿರ್ಲಿಲ್ಲ" ಎಂದೆ.

ನೀವು ತೀರಿಹೋದ ಮರುದಿನ ನಾನು ಉಡುಪಿಗೆ ಬಂದಿಳಿದಾಗ ಸುಮತಿ ಅತ್ತೆ ನಿಮ್ಮ ದೇಹದಾನದ ಫಾರಂ ಕೈಗಿಟ್ಟಿದ್ದರು. "ಅಣ್ಣ ಬರ್ದಿಟ್ಟದ್ದು ಮಾರಾಯ. ಎಂತ ಮಾಡುದು? ಡಾಕ್ಟ್ರು ನೀನೇ ಅಲ್ವಾ" ಎಂದರು. ಆ ಮೇಜಿನ ಮೇಲೆ ಏನೇನಾಗುತ್ತದೆ ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಇಪ್ಪತ್ತು ವರ್ಷ ಬೇರೆಯವರ ಅಪ್ಪಂದಿರನ್ನು ಕೊಯ್ದು ಪಾಠ ಹೇಳಿದವನು ನಾನು. ಫಾರಂ ಮಡಚಿ ಕಿಸೆಗೆ ಹಾಕಿಕೊಂಡು ಚಿತೆಗೆ ಬೆಂಕಿ ಕೊಟ್ಟೆ.

ಇವತ್ತು ಪೂರ್ವಿ ಕೊಯ್ಯುವ ಚಾಕು ಕೈಗೆತ್ತಿಕೊಂಡಳು. "ಎಲ್ಲಿಂದ ಶುರು ಮಾಡ್ಲಿ ಸರ್?" ಎಂದಳು.

ಮಾಸ್ತರರ ಮುಖದ ಮೇಲಿನ ಬಟ್ಟೆಯನ್ನು ಸರಿಯಾಗಿ ಹೊದಿಸಿ, ಎದೆಯಿಂದ ಎಂದು ತೋರಿಸಿದೆ.