ಅರವತ್ತನಾಲ್ಕು ಚೌಕದ ಹೊದಿಕೆ

ಮಾರ್ಚ್ 9, ಭಾನುವಾರ

ನನ್ನ ಪುಟ್ಟಿಗೆ ದೊಡ್ಡಮ್ಮನ ಮುತ್ತುಗಳು.

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಬೈಯಬೇಡ. ಉತ್ತರ ಬರೆಯುವ ಬದಲು ಹೊಲಿಯುತ್ತಾ ಕೂತಿದ್ದೆ. ಪಾರ್ಸೆಲ್ ಬಿಚ್ಚಿದರೆ ಗೊತ್ತಾಗುತ್ತದೆ.

ನಿನ್ನ ರಕ್ತಪರೀಕ್ಷೆಯ ವರದಿಯಲ್ಲಿ ‘ಒಂದಕ್ಷರ ಬದಲಾಗಿದೆ’ ಎಂದು ಓದಿದ ಮೇಲೆ ಊಟ ಸೇರುತ್ತಿಲ್ಲ, ಹೊಟ್ಟೆಯಲ್ಲಿರುವ ಕೂಸಿನ ಗತಿ ಏನೋ ಎಂದು ನೀನು ಬರೆದಿದ್ದೆ. ಡಾಕ್ಟರು “ಏನೂ ಆಗಲ್ಲಮ್ಮ” ಅಂದದ್ದು ಬರೀ ಸಮಾಧಾನಕ್ಕೆ ಎಂದು ನಿನ್ನ ಅನುಮಾನ. ನಾನೋ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ದರ್ಜಿ. ಲೈಬ್ರರಿಯಿಂದ ಪುಸ್ತಕ ತಂದು, ತಲೆಗೆ ಹತ್ತದ್ದನ್ನು ಬಟ್ಟೆಯಲ್ಲಿ ಹೊಲಿದು ನೋಡಿದೆ.

ಮೈಯ ಬರಹಕ್ಕೆ, ಅದೇ ಡಿಎನ್‌ಎಗೆ, ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಮೂರು ಸೇರಿದರೆ ಒಂದು ಮಾತು, ಅಂಥವು ಅರವತ್ತನಾಲ್ಕು. ಒಂದೊಂದು ಮಾತೂ ಒಂದು ಅಮೈನೋ ಆಮ್ಲವನ್ನು ಕರೆಯುತ್ತದೆ. ಅವನ್ನು ಸರದಂತೆ ಪೋಣಿಸಿದರೆ ಪ್ರೋಟೀನು. ಆದರೆ ಆಮ್ಲಗಳು ಇಪ್ಪತ್ತೇ, ಹಾಗಾಗಿ ಒಂದೇ ಆಮ್ಲಕ್ಕೆ ಎರಡು, ನಾಲ್ಕು, ಆರು ಮಾತೂ ಉಂಟು. ನಾನು ಆಮ್ಲಕ್ಕೊಂದರಂತೆ ಇಪ್ಪತ್ತು ಬಗೆಯ ಬಟ್ಟೆ ಆರಿಸಿ, ಮಾತಿಗೊಂದು ಚೌಕ ಕತ್ತರಿಸಿ ಹೊದಿಕೆ ಹೊಲಿದೆ. ‘ಇಲ್ಲಿಗೆ ನಿಲ್ಲಿಸು’ ಎನ್ನುವ ಮೂರು ಮಾತಿಗೆ ಬಿಳಿ. ಚೌಕದ ಹಿಂದೆ ಪೆನ್ಸಿಲ್ಲಿನಲ್ಲಿ ಅದರದರ ಮಾತು.

ಹಿಂಬದಿಗೆ ಬಟ್ಟೆ ಕೂರಿಸುವ ಮುನ್ನ ನೋಡಿದರೆ, ಜಿಎಎ ಇರಬೇಕಾದಲ್ಲಿ ಜಿಎಜಿ! ಕತ್ತರಿ ಎತ್ತಿದೆ. ನಿನ್ನ ದೊಡ್ಡಪ್ಪ ಕನ್ನಡಕ ಏರಿಸಿದರು. “ಎರಡೂ ಅದೇ ಹಸಿರು ಚೌಕಳಿ ಕಣೇ. ಯಾವ ಮಹಾರಾಯ ಕಂಡುಹಿಡೀತಾನೆ? ಸುಮ್ನೆ ಬಿಚ್ಚಿ ಕೆಡಿಸ್ಬೇಡ.”

ಕೈ ಅಲ್ಲೇ ನಿಂತಿತು. ಕಾಗದದ ಜೊತೆ ನೀನು ಕಳಿಸಿದ್ದ ವರದಿ ತೆಗೆದೆ. ಸಿಟಿಟಿ ಹೋಗಿ ಸಿಟಿಸಿ ಆಗಿದೆ. ಅಕ್ಷರ ಬೇರೆ, ಬಟ್ಟೆ ಒಂದೇ! ಕೂಡಲೇ ಡಾಕ್ಟರಿಗೆ ಫೋನು ಮಾಡಿದೆ. ಮತ್ತೊಮ್ಮೆ ಎಲ್ಲ ನೋಡಿ, “ಅವತ್ತು ಅರ್ಧ ಗಂಟೆ ನಾನು ಅವಳಿಗೆ ಹೇಳಿದ್ದೂ ಇದನ್ನೇ ಅಲ್ವೇನಮ್ಮ?” ಎಂದು ನಕ್ಕರು.

ಇನ್ನಾದರೂ ಹೊಟ್ಟೆ ತುಂಬ ಉಣ್ಣು. ಕೂಸನ್ನು ಇದರ ಮೇಲೆ ಮಲಗಿಸು. ಎಷ್ಟು ಒದ್ದೆ ಮಾಡಿದರೂ ಬಣ್ಣ ಬಿಡದು, ಒಗೆದು ನೋಡಿದ್ದೇನೆ. ಇಬ್ಬರೂ ತಣ್ಣಗಿರಿ.

ನಿನ್ನ
ದೊಡ್ಡಮ್ಮ

ಮರೆತದ್ದು, ಅಲ್ಲ, ಮರೆಯದ್ದು: ನೀನು ಹುಟ್ಟುವ ಮೊದಲೇ ಹೋದ ನನ್ನ ಮಗನಿಂದಾಗಿಯೇ ಅಲ್ಲವೇ ನಮ್ಮೆಲ್ಲರ ರಕ್ತ ತೆಗೆದದ್ದು? ನನ್ನ ವರದಿಯೂ ಬಂತು. ಸಿಎಎ ಇರಬೇಕಾದಲ್ಲಿ ಟಿಎಎ. ಸರದ ಅರ್ಧಕ್ಕೇ ಬಿಳಿ. ನನ್ನಲ್ಲಿ ಸರಿಯಾದ ಇನ್ನೊಂದು ಪ್ರತಿಯಿದ್ದು ನಾನು ಉಳಿದೆ; ಗಂಡುಕೂಸಿಗೆ ಇರುವುದು ಒಂದೇ ಪ್ರತಿಯಂತೆ, ಅವನಿಗೆ ಹೋದದ್ದು ಇದೇ. ನಿನ್ನಲ್ಲಿ ಅದಿಲ್ಲ. ಬಸುರಿಯಾಗಿದ್ದಾಗ ಹೊಲಿಗೆ ಮಿಷನ್ ತುಳಿದದ್ದಕ್ಕೇ ಹಾಗಾಯಿತೆಂದು ಮನೆಮಂದಿ ಅಂದಿದ್ದರು. ಮೂವತ್ತೊಂದು ವರ್ಷ ನಾನೂ ನಂಬಿದ್ದೆ. ಮೂರು ಬಿಳಿ ಚೌಕಗಳಲ್ಲಿ ಒಂದು ಅವನ ಅಂಗಿಯದು. ಅದಕ್ಕೆ ಕತ್ತರಿ ಹಾಕಲು ಇಷ್ಟು ದಿನ ಕೈ ಬಂದಿರಲಿಲ್ಲ.