ಬಾಗಿಲಿಗೆ ಅಡ್ಡ ಹಾಕಿದ ಹಾಸು

ಗೊಬ್ಬೂರ,
ತಾ. ೨೦-೧೧-೧೯೪೮, ಶನಿವಾರ

ನನ್ನ ಅಪ್ಪನವರಿಗೆ ಚಂದ್ರಾಮ ಕಾಲು ಮುಟ್ಟಿ ಬರೆಯುವುದು.

ನಿಮ್ಮ ಮೊಣಕಾಲು ನೋವು ಹೇಗಿದೆ? ಹೊಳೆಯಾಚೆ ಇಂಡಿ ತಾಲೂಕಿನ ಕಡೆ ಆಗಲೇ ಚಳಿ ಬಿದ್ದಿದೆಯಂತೆ. ನಿಮಗೆ ಹೊದೆಯಲು ಏನಿದೆ ಎಂದು ಅವ್ವ ದಿನಕ್ಕೆ ಎರಡು ಸಲ ನನ್ನನ್ನೇ ಕೇಳುತ್ತಾಳೆ, ನಿಮ್ಮ ಕಂಬಳಿಯನ್ನು ನಾನೇ ಕಸಿದುಕೊಂಡವನ ಹಾಗೆ. ಕುರಿಗಳು ನೆಟ್ಟಗಿವೆಯೇ? ಗಲಾಟೆಗೆ ಹೆದರಿ ಜಿಡಗಾಕ್ಕೆ ಹೋಗಿದ್ದ ಅವ್ವ ಮತ್ತು ತಂಗಿಯರು ಮರಳಿ ಬಂದು ಆರಾಮಾಗಿದ್ದಾರೆ. ನಾನೂ ಆರಾಮ. ಸೋಮವಾರ ಗುಲಬರ್ಗಾದ ಹಾಸ್ಟೆಲ್ ಸೇರದಿದ್ದರೆ ಅಟೆಂಡನ್ಸ್ ಸಾಲದು ಎಂಬುದೊಂದೇ ಎದೆಗುದಿ. ವಾರ್ಡನ್ನರಿಗೆ ಲೀವ್ ಲೆಟರನ್ನು ಇಂಗ್ಲಿಷಿನಲ್ಲಿ ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. 'ಗ್ರ್ಯಾಂಡ್‌ಮದರ್ ಎಕ್ಸ್‌ಪೈರ್ಡ್' ಎಂದು ಬರೆದಾಗಲೆಲ್ಲ ಅದು ಯಾರೋ ಬೇರೆ ಮುದುಕಿಯ ಸುದ್ದಿ ಅನ್ನಿಸಿತು. ನಮ್ಮ ಆಯಿ ಆ ಮಾತಿನಲ್ಲಿ ಹಿಡಿಸಲೇ ಇಲ್ಲ.

ನಾವು ಕಳಿಸಿದ ಆಳು ನದಿ ದಾಟಿ ನಿಮ್ಮನ್ನು ಕಾಣುವಷ್ಟರಲ್ಲಿ ಆಯಿಯ ಮಣ್ಣು ಮುಗಿದಿತ್ತು. ನೀವು ಅವನ ಕೈಯಲ್ಲಿ ಹೇಳಿ ಕಳಿಸಿದ ಮಾತು ಮುಟ್ಟಿತು: "ಮುದುಕಿನ್ನ ದಂಡಿ ಮ್ಯಾಲೆ ಬಿಟ್ಟು ಕುರಿ ದಾಟಿಸ್ದವ ನಾ. ಇನ್ನ ಯಾವ ಮಾರಿ ತಗೊಂಡು ಊರಿಗೆ ಬರ್ಲಿ?" ಅವ್ವ ಇದನ್ನು ಕೇಳಿ ಒಳಗಿನಿಂದ ಕಾಗದ, ಮಸಿ ತಂದು ನನ್ನ ಮುಂದಿಟ್ಟಳು. ಅದಕ್ಕೇ ಈ ಪತ್ರ. ಅಪ್ಪಾ, ನೀವು ಹೋದ ಮೇಲಿನ ಸಂಗತಿ ನಿಮಗೆ ಯಾರೂ ಪೂರ್ತಿ ಹೇಳಿಲ್ಲ.

ಆಷಾಢದಲ್ಲಿ ರಜಾಕಾರರು ನಿಮ್ಮನ್ನು ಹುಡುಕುತ್ತಿದ್ದಾಗ ಹರಗೋಲು ಹತ್ತಲಾರೆ ಎಂದವಳು ಆಯಿಯೇ. "ನಾ ಬಂದ್ರ ಮಗ್ಗ ಯಾರ ನೋಡ್ಬೇಕು, ನಿಮ್ಮಪ್ಪ ಎದ್ದು ಬರ್ತಾನೇನು?" ಎಂದು ನಿಮ್ಮನ್ನು ಗದರಿಸಿದಳಂತೆ. ಇದನ್ನು ಅವಳೇ ಊರಿಗೆಲ್ಲ ನಗುತ್ತ ಹೇಳಿಕೊಂಡು ತಿರುಗಿದಳು. ನೀವು ಓಡಿಹೋದಿರಿ ಎಂದು ಕಟ್ಟೆಯ ಮೇಲೆ ಯಾರೋ ಅಂದಾಗ, "ಓಡಿ ಹೋಗಿಲ್ಲೋ, ನಾ ಕಳಿಸೀನಿ. ನಿಮ್ಮವ್ವಗ ನಿನ್ನ ಕಳಿಸೂ ಧೈರ್ಯ ಅದ ಏನು ಕೇಳು" ಎಂದು ಬಾಯಿ ಮುಚ್ಚಿಸಿದಳು. ಮಳೆಗಾಲವಿಡೀ ಅವಳ ಊಟ, ನಿದ್ದೆ ಗೌಸಮೊಹಿದ್ದೀನ ಕಾಕಾನ ಮನೆಯಲ್ಲಿ. ರಜಾಕಾರರು ಬಂದು ಕೇಳಿದರೆ ಶಮ್ಸುನ್ನಿಸಾ ಚಾಚಿ, "ನಮ್ಮ ಅತ್ತಿ ಇದ್ದಾಳ, ಕಿವಿ ಕೇಳಂಗಿಲ್ಲ" ಎನ್ನುತ್ತಿದ್ದರಂತೆ. ಎರಡು ಓಣಿಯಾಚೆ ಪಾತ್ರೆ ಬಿದ್ದರೆ ಯಾರ ಮನೆಯದೆಂದು ಹೇಳುತ್ತಿದ್ದ ನಮ್ಮ ಆಯಿಗೆ ಕಿವಿ ಕೇಳದಂತೆ!

ಭಾದ್ರಪದದಲ್ಲಿ ಭಾರತದ ಮಿಲಿಟರಿ ಬಂತು. ಅದರ ಬೆನ್ನಿಗೇ ಕಾಲ ಮಗ್ಗುಲು ಬದಲಿಸಿತು. ರಜಾಕಾರರ ಮೇಲಿನ ಸಿಟ್ಟಿಗೆ ಯಾರದೋ ಮನೆ ಉರಿಯತೊಡಗಿತು. ಬಡಿಗೆ ಹಿಡಿದವರು ಕಾಕಾನ ಓಣಿಗೂ ಬರುತ್ತಾರೆಂಬ ಸುದ್ದಿ ಬಂದ ಬೆಳಿಗ್ಗೆ ಆಯಿ ಏನು ಮಾಡಿದಳು ಗೊತ್ತೇ? ಮಗ್ಗದ ಗೂಟಗಳನ್ನು ತಂದು ಕಾಕಾನ ಬಾಗಿಲಿನ ಎರಡೂ ಕಡೆ ಹುಗಿದು, ನೇಯಲಿರುವ ಕಂಬಳಿಯ ಉದ್ದೆಳೆಗಳ ಹಾಸು ಎಳೆದಳು. ಕರಿ ಉಣ್ಣೆಯ ಅಷ್ಟೂ ಎಳೆಗಳು ಹೊಸ್ತಿಲಿಗೆ ಅಡ್ಡವಾಗಿ, ಮೊಣಕಾಲೆತ್ತರ. ತಾನು ಪಕ್ಕದಲ್ಲಿ ಕುಳಿತು ಹುಣಸೆ ಬೀಜದ ಗಂಜಿ ಸವರತೊಡಗಿದಳು. ನಾನು ಹಾಸ್ಟೆಲಿನಿಂದ ಬಂದು ಮನೆಯಲ್ಲಿದ್ದೆ. ಗಂಜಿಯ ಗಡಿಗೆ ಹಿಡಿದು ನಿಲ್ಲು ಎಂದಳು. ನಿಂತೆ. ಅರ್ಧ ಗಂಜಿಯನ್ನು ನನ್ನ ಕಾಲ ಮೇಲೆಯೇ ಚೆಲ್ಲಿಕೊಂಡೆ, ಸುಳ್ಳು ಹೇಳುವುದಿಲ್ಲ.

ಮೂವತ್ತು ಜನರಾದರೂ ಬಂದರು. ಮುಂದಿದ್ದವನು ನಮ್ಮ ಓಣಿಯ ಹಣಮಂತ್ರಾಯ. ಆಯಿ ತಲೆ ಎತ್ತಲಿಲ್ಲ. "ಹಣಮ್ಯಾ, ಎಳಿಯಾಗ ಬೀರಪ್ಪ ದೇವ್ರು ಕುಂತಾನ. ದಾಟ್ತಿ? ದಾಟು. ನಿನ್ನ ಮದುವ್ಯಾಗ ಹಾಸಿದ್ದು ನನ್ನ ಕಂಬಳಿನ. ಅದನ್ನ ಮೊದ್ಲ ತಂದು ಕೊಡು, ಆಮ್ಯಾಲೆ ದಾಟು" ಎಂದಳು. ಎಳೆದ ಹಾಸನ್ನು ದಾಟಿದವರನ್ನು ನಮ್ಮ ಸೀಮೆಯಲ್ಲಿ ಯಾರು ಕಂಡಿದ್ದಾರೆ? ಕುರಿ ಕೂಡ ಸುತ್ತು ಹಾಕಿ ಹೋಗುತ್ತದೆ. ಹಣಮಂತ್ರಾಯ ನಿಂತ. ಅವನು ನಿಂತ ಮೇಲೆ ಹಿಂದಿನವರೂ ನಿಂತರು. ಆಮೇಲೆ ಒಬ್ಬೊಬ್ಬರಾಗಿ ತಿರುಗಿದರು. ಆಯಿ ಮೂರು ದಿನ ಅಲ್ಲಿಂದ ಏಳಲಿಲ್ಲ. ಗಂಜಿ ಒಣಗಿದ ಎಳೆಗಳಿಗೆ ಮತ್ತೆ ಗಂಜಿ, ಅದಕ್ಕೆ ಮತ್ತೆ ಗಂಜಿ. "ಇಷ್ಟು ಗಂಜಿ ಕುಡಿದ ಕಂಬಳಿ ಹೊದ್ದವ ನೆಟ್ಟಗ ನಿಲ್ಲಬೇಕಾಗ್ತದ" ಎಂದು ಅವಳದೇ ತಮಾಷೆ.

ನನಗೆ ಈಗ ತಿಳಿಯುತ್ತಿದೆ, ಅವಳಿಗೆ ಇದು ಹೊಸದೇನೂ ಅಲ್ಲ. ದೊಡ್ಡ ಬರದ ವರ್ಷ ಅವಳಿಗೆ ಹಾಲುಹಲ್ಲು ಬೀಳುತ್ತಿದ್ದವಂತೆ, ಬದುಕಿದಳು. ಅವಳ ಗಂಡ, ನಮ್ಮ ಮುತ್ಯಾ, ತೀರಿಕೊಂಡಾಗ ಹೆಂಗಸು ಮಗ್ಗದ ಕುಣಿಗೆ ಇಳಿಯಬಾರದೆಂದು ದೈವದ ಹಿರಿಯರು ಹೇಳಿದರೆ, ಹದಿನೈದನೇ ದಿನ ನಿಮ್ಮನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದಳಂತೆ. ಅಲ್ಲಿಂದ ಆಳಂದ, ಅಫಜಲಪುರ, ಜೇವರ್ಗಿ ಸಂತೆಗಳಲ್ಲಿ ನಮ್ಮ ಆಯಿ ನಿಂಬೆವ್ವನ ಕಂಬಳಿ ಎಂದರೆ ಮಳೆ ಒಳಗೆ ಬರುವುದಿಲ್ಲ ಎಂದೇ ಲೆಕ್ಕ.

ಮೊನ್ನೆ ಸೋಮವಾರ ಊಟವಾದ ಮೇಲೆ ಗೋಡೆಗೆ ಒರಗಿದವಳು ಹಾಗೆಯೇ ಹೋದಳು, ಕೈಯಲ್ಲಿ ಉಣ್ಣೆ ನೂಲುವ ಕದಿರು. ಜೇವರ್ಗಿಯ ಅತ್ತೆ ಅಳಲು ಬಾಯಿ ತೆಗೆದರೆ ಡೊಳ್ಳಿನವರು ಬಿಡಲಿಲ್ಲ. ಗುಲಾಲು ಹಾರಿಸಿ, ಕೂರಿಸಿಕೊಂಡು, ಮದುವಣಗಿತ್ತಿಯಂತೆ ಒಯ್ದೆವು. ಒಂದು ಹೆಗಲು ಕಾಕಾನದು, ಒಂದು ಹಣಮಂತ್ರಾಯನದು. ಅಂದು ನಮ್ಮ ಒಲೆ ಹೊತ್ತಲಿಲ್ಲ. ಬಂದವರಿಗೆಲ್ಲ ರೊಟ್ಟಿ ಬಡಿದವರು ಚಾಚಿ. ಅಪ್ಪಾ, ಅಷ್ಟು ಜನರಲ್ಲಿ ಒಬ್ಬನೂ ನಿಮ್ಮನ್ನು ಹಗುರಾಗಿ ಆಡಲಿಲ್ಲ. "ಮಾಳಿಂಗಪ್ಪ ಎಂದು ಬರ್ತಾನ?" ಎಂದಷ್ಟೇ ಕೇಳಿದರು.

ಅವ್ವನ ನಮಸ್ಕಾರ, ತಂಗಿಯರ ಮುತ್ತು. ನನ್ನ ಕಾಗುಣಿತದ ತಪ್ಪು ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಮಗ,
ಚಂದ್ರಾಮ
ಇಂಟರ್, ಫಸ್ಟ್ ಇಯರ್

ತಾ.ಕ.: ಹರಗೋಲು ತಪ್ಪುತ್ತದೆಂದು ಹೊರಗೆ ಅವಸರ ಮಾಡುತ್ತಿದ್ದಾರೆ, ಬೇಗಬೇಗ ಬರೆಯುತ್ತಿದ್ದೇನೆ. ಈ ಪತ್ರ ತಂದುಕೊಟ್ಟವರು ಗೌಸಮೊಹಿದ್ದೀನ ಕಾಕಾ. ಅವರ ಹೆಗಲ ಮೇಲಿರುವುದೇ ಆ ಹಾಸಿನ ಕಂಬಳಿ. ದೀಪಾವಳಿಗೆ ಆಯಿ ನೇಯ್ದು ಮುಗಿಸಿದಳು. "ಮಾಳಿಂಗ್ಯಾ ಕಂಬಳಿ ಇಲ್ದ ಹೊಳಿ ದಾಟ್ಯಾನ" ಎಂದು ತೆಗೆದಿಟ್ಟಿದ್ದಳು. ಅದರ ಮೂಲೆಯ ಗಂಟನ್ನು ಅಲ್ಲಿ ಬಿಚ್ಚಬೇಡಿ. ಮಣ್ಣು ಕೊಡುವಾಗ ಎಲ್ಲರ ಹಿಡಿ ಆದ ಮೇಲೆ ಕಾಕಾ ಒಂದು ಹಿಡಿ ಮಣ್ಣು ಎತ್ತಿ ಅದರಲ್ಲಿ ಕಟ್ಟಿಟ್ಟರು, ಅದು ಮಗನ ಪಾಲಿನದು. ನಿಮ್ಮ ಹಿಡಿ ಬೀಳುವವರೆಗೆ ಆಯಿಯ ಗದ್ದುಗೆಗೆ ಕಲ್ಲು ಹಾಕುವುದಿಲ್ಲ ಎಂದು ಊರವರು ಕುಳಿತಿದ್ದಾರೆ. ಕಂಬಳಿ ಹೊದ್ದುಕೊಂಡು ಬನ್ನಿ, ಕಾಕಾ ಒಬ್ಬರೇ ಮರಳುವುದಿಲ್ಲವಂತೆ.