ತಣ್ಣಗಾದ ಗುಂಡ

9 ಜನವರಿ 2006, ಸೋಮವಾರ

ಗುಂಡನಿಗೆ ಬಾಳೆಹಣ್ಣು ಕೊಟ್ಟಾಯಿತು. ಅರ್ಧ ತಿಂದ. ಮೇಲಿನ ಮನೆಯ ಪ್ರತೀಕ್ಷಾಳ ಮುದ್ದಿನ ಪ್ರಾಣಿ. ಆಫೀಸಿನವರು ಅವಳನ್ನು ಟ್ರೇನಿಂಗಿಗೆಂದು ಪುಣೆಗೆ ಕಳಿಸಿದ್ದಾರೆ, ಪಂಜರ ನಮ್ಮ ಮನೆಗೆ ಬಂದಿದೆ. ಶುಗರ್ ಗ್ಲೈಡರ್ ಅಂತೆ. ಹೊಟ್ಟೆಯಲ್ಲಿ ಚೀಲ, ಕಾಂಗರೂ ಬಳಗ — ಗಾತ್ರ ಮಾತ್ರ ಅಳಿಲಿನದು. ಸಾಫ್ಟ್‌ವೇರ್ ಸಂಬಳ ಬಂದರೆ ಜನ ಏನೇನು ಸಾಕುತ್ತಾರೋ!

"ಆಂಟಿ, ದಿನಾ ಸಂಜೆ ಒಂಚೂರು ಬೇಯ್ಸಿದ ಮೊಟ್ಟೆ ಕೊಡಿ. ಈ ಉಲ್ಲನ್ ಚೀಲದಲ್ಲೇ ಮಲಗ್ಲಿ, ಚಳಿ ತಡ್ಕೊಳಲ್ಲ ಅವ್ನು" ಎಂದಿದ್ದಳು. ಹೂಂ ಎಂದೆ. ಅವಳು ಕೊಟ್ಟುಹೋದ ಮೊಟ್ಟೆಗಳು ಕೆಲಸದ ಮಿನತಿಯ ಮನೆಗೆ ಹೋದವು. ನಮ್ಮ ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುವುದೆಂದರೇನು! ಹಣ್ಣು, ಇಲ್ಲಿನ ಬಂಗಾಳಿ ಮಿಠಾಯಿ ಸಂದೇಶ್ ಸಾಕು.

12 ಜನವರಿ

ವಿಪರೀತ ಚಳಿ. ಎಳ್ಳು ಹುರಿದೆ, ಕೊಬ್ಬರಿ ಹೆಚ್ಚಿದೆ. ಹಬ್ಬದ ಕೆಲಸ ಇನ್ನೂ ಬೆಟ್ಟದಷ್ಟಿದೆ. ಸಿಂಧೂರಾ ಶಾಲೆಯಿಂದ ಬಂದವಳೇ ಪಂಜರದ ಮುಂದೆ ಕೂತಳು. ಗುಂಡ ಸಂದೇಶ್ ಮುಟ್ಟೇ ಇಲ್ಲವಂತೆ.

"ಅಮ್ಮಾ, ಎಗ್ ಕೊಡು ನಾ, ಪ್ಲೀಸ್..."

ಗದರಿಸಿದೆ.

13 ಜನವರಿ

ಮನೆಯೆಲ್ಲ ತೊಳೆದದ್ದಾಯಿತು. ಗುಂಡನ ಚೀಲ ನಾರುತ್ತಿತ್ತು. ಒಗೆದು ಟೆರೇಸಿನಲ್ಲಿ ಹಾಕಿದೆ. ಮಂಜಿಗೆ ಒಣಗಲಿಲ್ಲ. ಒಂದು ರಾತ್ರಿಗೆ ಏನಾದೀತು...

14 ಜನವರಿ, ಸಂಕ್ರಾಂತಿ. ಸಂಜೆ

ಬೆಳಿಗ್ಗೆ ನೋಡಿದರೆ ಗುಂಡ ಮುದುಡಿ ಬಿದ್ದಿದ್ದಾನೆ. ಐಸಿನಂತೆ ತಣ್ಣಗೆ. ಉಸಿರು ಕಾಣಲಿಲ್ಲ. ಇವರು ಆಗಲೇ ಮಡಿ ಉಟ್ಟಿದ್ದರು.

"ಹಬ್ಬದ ದಿನ ಮನೇಲಿ ಹೆಣ ಇಟ್ಕೊಂಡು ಪೂಜೆ ಮಾಡೋದು ಹೇಗೆ ಅನಸೂಯಾ? ಮೊದ್ಲು ಅದನ್ನ ಆಚೆ ತಗೊಂಡ್ಹೋಗು."

ಅರಿಸಿನ-ಕುಂಕುಮಕ್ಕೆ ಕನ್ನಡದ ಹೆಂಗಸರು ಬರುವವರಿದ್ದರು. ರವಿಕೆ ಬಟ್ಟೆಯಲ್ಲಿ ಸುತ್ತಿ ಸಿಂಧೂರಾಳ ಕೈಗೆ ಕೊಟ್ಟೆ. ಸದರ್ನ್ ಅವೆನ್ಯೂ ದಾಟಿ ಕೆರೆಯ ಪಾರ್ಕಿಗೆ ಹೋದೆವು. ಗುಂಡಿ ತೋಡಿದೆ.

"ಅಮ್ಮಾ, ಹಿಲಾ! ಸಚ್ಚೀ, ಇದು ಅಲ್ಲಾಡ್ತು!"

"ಚಳಿಗೆ ನಿನ್ನ ಕೈ ನಡುಗ್ತಿದೆ ಕಣೆ. ಕೊಡು ಇಲ್ಲಿ."

ಬಿಚ್ಚಿ ನೋಡಬಹುದಿತ್ತು. ಹೊತ್ತಾಗಿತ್ತು, ನೋಡಲಿಲ್ಲ. ಮನೆಗೆ ಬಂದು ತಲೆಗೆ ಸ್ನಾನ ಮಾಡಿ ಎಳ್ಳು ಬೀರಿದೆ.

17 ಜನವರಿ

ಪುಣೆಯಿಂದ ಪ್ರತೀಕ್ಷಾಳ ಫೋನ್.

"ಆಂಟಿ, ಅಲ್ಲಿ ತುಂಬಾ ಚಳಿಯಂತೆ? ಗುಂಡ ಸತ್ತೇ ಹೋದ್ನೇನೋ ಅನ್ನೋ ಹಾಗೆ ಬಿದ್ದಿದ್ರೆ ಗಾಬರಿ ಆಗ್ಬೇಡಿ. ಹೊಟ್ಟೆಗೆ ಸಾಲ್ದೆ ಚಳೀನೂ ಆದ್ರೆ ಅವು ಮೈ ತಣ್ಣಗೆ ಮಾಡ್ಕೊಂಡು ನಿದ್ದೆಗೆ ಹೋಗ್ಬಿಡ್ತವೆ. ಟಾರ್ಪರ್ ಅಂತಾರೆ. ಉಸಿರೂ ಗೊತ್ತಾಗಲ್ಲ. ಎದೆಗೆ ಅವುಚ್ಕೊಂಡು ಕೂತ್ರೆ ಸಾಕು, ಎದ್ಬಿಡ್ತಾನೆ. ಹೇಗಿದಾನೆ?"

"ಆರಾಮಾಗಿದಾನಮ್ಮ."

ನನ್ನ ಬಾಯಿಂದಲೇ ಬಂತು! ಜೀವ ಇದ್ದದ್ದನ್ನು ಮಣ್ಣು ಮಾಡಿದೆ, ಮೇಲೊಂದು ಸುಳ್ಳು. ಊಟ ಸೇರಲಿಲ್ಲ. ಮಣ್ಣಿನ ಕೆಳಗೆ ಅವನಿಗೆ ಎಚ್ಚರವಾಗಿದ್ದರೆ... ಬೇಡ, ಯೋಚಿಸಲಾರೆ.

ಇವರಿಗೆ ಹೇಳಿದೆ. "ಆಗಿದ್ದು ಆಗ್ಹೋಯ್ತು. ಚಳಿಗೆ ಸತ್ತೋಯ್ತು ಅಂದ್ಬಿಡು" ಎಂದು ಪೇಪರ್ ತೆಗೆದುಕೊಂಡರು. ಸಿಂಧೂರಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ.

21 ಜನವರಿ, ಸಂಜೆ

ಪ್ರತೀಕ್ಷಾ ಬಂದಳು. ಹೌರಾ ಸ್ಟೇಷನ್ನಿಂದ ನೇರ ನಮ್ಮಲ್ಲಿಗೆ, ಹೆಗಲ ಬ್ಯಾಗೂ ಇಳಿಸಿರಲಿಲ್ಲ. ಖಾಲಿ ಪಂಜರ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಸಿಂಧೂರಾ ಮುಂದೆ ಬಂದಳು.

"ಅಕ್ಕಾ, ಸಾರಿ... ಚಳೀಲಿ ಸತ್ತೋದ. ಚೀಲ ನಾನೇ ವಾಶ್ ಮಾಡಿದ್ದು. ಅಮ್ಮಂಗೆ ಗೊತ್ತೇ ಇರ್ಲಿಲ್ಲ."

ಪ್ರತೀಕ್ಷಾ ಅಳುತ್ತಲೇ ಅವಳನ್ನು ತಬ್ಬಿಕೊಂಡಳು. "ಇರ್ಲಿ ಪುಟ್ಟಾ, ನೀನೇನು ಬೇಕೂಂತ ಮಾಡಿಲ್ವಲ್ಲ."

ನಾನು? ಕಾಫಿ ತರುತ್ತೇನೆಂದು ಒಳಗೆ ಹೋದೆ. ನಾಚಿಕೆಗೆಟ್ಟವಳು. ಡಿಕಾಕ್ಷನ್ ಬಗ್ಗಿಸುತ್ತಾ ನಿಂತೆ.

ಅವಳು ಮೇಲೆ ಹೋದ ಮೇಲೆ ಸಿಂಧೂರಾ ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದಳು. ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಆರಿರಲಿಲ್ಲ.

"ಅಮ್ಮಾ, ನಾನು ಠೀಕ್ ಹೇಳಿದ್ನಾ?"

ಹನ್ನೊಂದು ವರ್ಷದ ಮಗು. ಇದನ್ನು ಕಲಿಸಿದೆ ನಾನು. ಇಲ್ಲ, ಮೇಲೆ ಹೋಗುತ್ತೇನೆ. ಸಿಂಧೂರಾಳನ್ನೂ ಕರೆದುಕೊಂಡು, ಅವಳೆದುರಿಗೇ, ಪ್ರತೀಕ್ಷಾಳಿಗೆ ನಾನೇ ಎಲ್ಲ ಹೇಳುತ್ತೇನೆ.